ಬಾಮೈದನ ಸಿನಿಮಾಕ್ಕೆ ನಕ್ಕವನು

ಮುದ್ರಣಾಲಯದ ಯಜಮಾನರ ಬಾಮೈದ ಸಿನಿಮಾ ತೆಗೆದದ್ದೇ ತಪ್ಪಾಯಿತು. ಅದೂ ಸಾವಿನಲ್ಲಿ ನಗೆ ಹುಡುಕುವ ಸಿನಿಮಾ. ‘ಇಲ್ಲಿ ನಿಜವಾಗಿ ಸತ್ತಿರುವುದು ಹಾಸ್ಯವೊಂದೇ’ ಎಂದು ಪತ್ರಿಕೆಗಳು ಬರೆದವು. ಮಧ್ಯಂತರಕ್ಕೆ ಎದ್ದ ಪ್ರೇಕ್ಷಕರು ಮತ್ತೆ ಬಂದು ಕೂರಲಿಲ್ಲ. ಆದರೂ ಯಜಮಾನರು ಮುದ್ರಣಾಲಯಕ್ಕೆ ಬೀಗ ಹಾಕಿ, ಕೆಲಸದವರನ್ನೆಲ್ಲ ಮಧ್ಯಾಹ್ನದ ಆಟಕ್ಕೆ ಹೊರಡಿಸಿದರು.

“ನಮ್ಮನೆಯವ್ರೂ ಬರ್ತಾರೆ. ಯಾರೂ ಮುಲಾಜು ನೋಡ್ಬೇಡಿ. ಹೇಗನ್ನಿಸುತ್ತೋ ಹಾಗೇ ಇರಿ,” ಎಂದರು.

ಕರಡು ತಿದ್ದುವವನ ಕೆಲಸ ಕಾಯಂ ಆಗುವುದೋ ಇಲ್ಲವೋ ಎಂಬುದನ್ನು ಯಜಮಾನರು ಅಂದು ಸಂಜೆಯೇ ಹೇಳುವವರಿದ್ದರು.

“ಮುಲಾಜು ಬೇಡ ಅಂದ್ರೆ ಬಿದ್ದು ಬಿದ್ದು ನಗು ಅಂತ,” ಬೈಂಡಿಂಗ್ ಮಾಡುವ ಅಕ್ಕ ಪಿಸುಗುಟ್ಟಿದಳು.

“ನಗು ಬರದಿದ್ರೆ ಅಕ್ಕಾ?” ದಿನವಿಡೀ ಬೇರೆಯವರ ತಪ್ಪು ಹುಡುಕುವ ಅವನಿಗೆ ನಗುವ ರೂಢಿಯೇ ತಪ್ಪಿಹೋಗಿತ್ತು.

“ಕೆಲಸ ಹೋದ್ಮೇಲೆ ಅಳೋದಕ್ಕಿಂತ ಇದು ಸುಲಭ ಕಣೋ!”

ಆಟ ಶುರುವಾಯಿತು. ಕಾಯಂ ಆದವರೆಲ್ಲ ನಿಶ್ಚಿಂತೆಯಿಂದ ನಿದ್ದೆಹೋದರು. ತೆರೆಯ ಮೇಲೆ ಯಾರದೋ ಮಾವ ಏಣಿಯಿಂದ ಜಾರಿ ಸತ್ತ. ಅಕ್ಕ ಮೊಣಕೈಯಿಂದ ತಿವಿದಳು. ಇವನು ನಕ್ಕ, ಎಣ್ಣೆ ಕಾಣದ ಬಾಗಿಲು ತೆರೆದಂತಾಯಿತು. ಮುಂದಿನ ಸಾಲಿನಿಂದ ಯಜಮಾನರು ಗಕ್ಕನೆ ತಿರುಗಿದರು.

“ನೋಡಿದ್ರು, ನೋಡಿದ್ರು! ಇನ್ನೂ ಜೋರಾಗಿ!” ಎಂದಳು ಅಕ್ಕ.

ಎರಡನೆಯ ಹೆಣ ಬಿದ್ದಾಗ ತೊಡೆ ತಟ್ಟಿಕೊಂಡು ನಕ್ಕ. ಮೂರನೆಯದಕ್ಕೆ ಕುರ್ಚಿಯಿಂದಲೇ ಜಾರಿದ. ಅವನ ಅವಸ್ಥೆ ಕಂಡು ಹಿಂದಿನ ಸಾಲಿನವರು ನಕ್ಕರು. ಅವರನ್ನು ಕಂಡು ಬಾಲ್ಕನಿ ನಕ್ಕಿತು. ಯಜಮಾನರ ಹೆಂಡತಿಯ ಮುಖ ಮೊರದಗಲ ಅರಳಿತು.

ಆಟ ಮುಗಿದದ್ದೇ ತಡ, ಯಜಮಾನರು ಅವನನ್ನು ಮೆಟ್ಟಿಲ ಮರೆಗೆ ಎಳೆದೊಯ್ದರು. ಶುಭ ಸುದ್ದಿಯೇ ಇರಬೇಕೆಂದು ಅವನು ಅಂಗಿಯ ಗುಂಡಿ ಸರಿಮಾಡಿಕೊಂಡ.

“ನಾನು ನಿನಗೇನು ದ್ರೋಹ ಮಾಡಿದ್ದೆನಪ್ಪಾ?” ಎಂದರು ಯಜಮಾನರು. “ಪೇಪರ್‌ನೋರು ಉಗಿದ್ರೂ ನನ್ನ ಹೆಂಡತಿ ನಂಬಲಿಲ್ಲ. ನಿಮ್ಮ ಸಪ್ಪೆ ಮುಖಗಳನ್ನ ಕಣ್ಣಾರೆ ನೋಡಿಯಾದ್ರೂ ತಮ್ಮನ ಹುಚ್ಚು ಬಿಡ್ತಾಳೆ ಅಂತ ಕರ್ಕೊಂಡು ಬಂದೆ. ಈಗ ಎರಡನೇ ಭಾಗ ತೆಗೀಲೇಬೇಕಂತೆ! ಪ್ರೆಸ್ ಇರೋದು ಅವಳ ಹೆಸರಲ್ಲಿ. ದುಡ್ಡಿಗಾಗಿ ನಾಳೇನೇ ಮಾರ್ತಾಳಂತೆ!”

“ಹಾಗಾದ್ರೆ ನನ್ನ ಕೆಲಸ ಕಾಯಂ ಮಾಡೋದು, ಸಾರ್...?”

“ಮಾಡೋಣಪ್ಪಾ, ಧಾರಾಳವಾಗಿ ಮಾಡೋಣ,” ಎಂದರು ಯಜಮಾನರು. “ಪ್ರೆಸ್ ಎಲ್ಲಿದೆ ತೋರಿಸು.”