ಬೆಳೆಯೋ ಹುಡುಗಿಯ ಗೌನು

ಊರು ಯಾರ ಕೈಗೆ ಹೋಗುತ್ತಿದೆ ಎಂದು ತಿಳಿಯಲು ಟೈಲರ್ ಆದವನು ಪೇಪರ್ ಓದಬೇಕಾಗಿಲ್ಲ. ತನ್ನ ಟೇಬಲ್ಲಿನ ಮೇಲೆ ಏನು ಬಂದು ಬೀಳುತ್ತದೆ ಎಂದು ನೋಡಿದರೆ ಸಾಕು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ತಿಪಟೂರಿನಲ್ಲಿ ಗುಂಡಿಗೆ ಕಾಜಾ ಹೊಲಿಯುತ್ತ ಕೂತ ನನಗೆ ಪೇಪರಿನ ಸಹವಾಸವೂ ಅಷ್ಟಕ್ಕಷ್ಟೇ. ಹ್ಯೂಸ್ಟನ್ನಿನಲ್ಲಿ ಅಂಗಡಿ ತೆರೆದಾಗ ಟೇಬಲ್ಲಿನ ತುಂಬ ನಮ್ಮವರ ಬ್ಲೌಸುಗಳಿದ್ದವು. ಆಮೇಲೆ ಆ ಬ್ಲೌಸುಗಳೆಲ್ಲ ಒಳ್ಳೆಯ ಸ್ಕೂಲು ಹುಡುಕಿಕೊಂಡು ಕೇಟಿ, ಪ್ಲೇನೋದಂಥ ಊರುಗಳಿಗೆ ಶಿಫ್ಟ್ ಆದವು. ಉಳಿದ ಒಬ್ಬಿಬ್ಬರು "ಅಂಕಲ್, ಬೆಂಗ್ಳೂರಲ್ಲೇ ಹೊಲಿಸ್ಕೊಂಡ್ ಬಂದ್ಬಿಟ್ಟೆ, ತೋಳು ಸ್ವಲ್ಪ ಲೂಸ್ ಮಾಡ್ಕೊಡಿ" ಅನ್ನುವಾಗ, ಪಕ್ಕದ ಹೋಟೆಲಿನ ತಿಂಡಿಯನ್ನು ನನ್ನ ಒಲೆಯ ಮೇಲೆ ಬಿಸಿ ಮಾಡಿಸಿಕೊಂಡ ಹಾಗಿರುತ್ತಿತ್ತು.

ಅವರು ಬಿಟ್ಟ ಜಾಗವೇನೂ ಖಾಲಿ ಉಳಿಯಲಿಲ್ಲ. ಹಿಂದಿ ಕ್ಯಾಸೆಟ್ ಅಂಗಡಿ ಇದ್ದಲ್ಲಿ ಮೆಕ್ಸಿಕೋದವರ ಬೇಕರಿ ಬಂತು. ಟ್ರಾವೆಲ್ ಏಜೆಂಟ್ ಇದ್ದಲ್ಲಿ ಮಾವಿನಹಣ್ಣಿಗೆ ಖಾರದ ಪುಡಿ ಉದುರಿಸಿ ಕೊಡುವ ಅಂಗಡಿ ಬಂತು. ಭಾನುವಾರ ಚರ್ಚು ಬಿಟ್ಟರೆ ಪಾರ್ಕಿಂಗ್ ತುಂಬ ಅಜ್ಜಿಯರು, ಮೊಮ್ಮಕ್ಕಳು, ಬಲೂನು. ಎಲ್ಲರ ವ್ಯಾಪಾರವೂ ಬೆಳೆಯಿತು, ನನ್ನದೊಂದನ್ನು ಬಿಟ್ಟು. ಬೇಕರಿಯವನಿಗೆ ನಮ್ಮಿಬ್ಬರ ನಡುವಿನ ಗೋಡೆ ಒಡೆದು ಬೇಕರಿ ಹಿಗ್ಗಿಸುವ ಆಸೆ. ಕಟ್ಟಡದ ಯಜಮಾನನೂ "ಗಿರಾಕಿ ಇಲ್ಲದಿದ್ರೆ ಖಾಲಿ ಮಾಡಿ" ಎಂದು ನಯವಾಗಿಯೇ ಹೇಳಿಹೋಗಿದ್ದ.

ಅಂಥ ಹೊತ್ತಿನಲ್ಲಿ ಬೇಕರಿಯಲ್ಲಿ ಕೆಲಸ ಮಾಡುವ ಲೂಪೆ ತನ್ನ ಮಗಳು ಡಯಾನಾಳನ್ನು ಕರೆದುಕೊಂಡು ಬಂದಳು. ಇವರಲ್ಲಿ ಹುಡುಗಿಗೆ ಹದಿನೈದು ತುಂಬಿದರೆ ಕಿನ್ಸೆಆನ್ಯೆರಾ ಅಂತ ಮಾಡುತ್ತಾರೆ. ಚರ್ಚು, ಛತ್ರ, ಬ್ಯಾಂಡು, ಕುಣಿತ, ಊಟ; ಗಂಡೊಬ್ಬನನ್ನು ಬಿಟ್ಟು ಮದುವೆಯಲ್ಲಿರುವುದೆಲ್ಲ ಅದರಲ್ಲಿರುತ್ತದೆ. ನನ್ನ ಮುರುಕು ಸ್ಪ್ಯಾನಿಷ್ ಮತ್ತು ಲೂಪೆಯ ಮುರುಕು ಇಂಗ್ಲಿಷ್ ಸೇರಿ ಹೇಗೋ ಒಂದು ಭಾಷೆ ಆಗುತ್ತಿತ್ತು.

"ಗೌನು ನೀವೇ ಹೊಲೀಬೇಕು, ಮಾಯೆಸ್ತ್ರೋ. ಇದು ಚೆನ್ನಾಗಿ ಬಂದ್ರೆ ಇವಳ ಗೆಳತಿಯರ ಅಮ್ಮಂದಿರೆಲ್ಲ ನಿಮ್ಮ ಹತ್ರಾನೇ ಬರ್ತಾರೆ" ಅಂದಳು.

ಕಸುಬು ಬಲ್ಲವನನ್ನು ಇವರು ಮಾಯೆಸ್ತ್ರೋ ಅನ್ನುತ್ತಾರೆ. ಶಾಲೆ ಬಿಟ್ಟವನಿಗೆ ಆ ಮಾತು ನೆತ್ತಿಗೇರಿತು. ಹುಡುಗಿಯರೆಲ್ಲ ಬಂದರೆ ಗೋಡೆ ಉಳಿಯುತ್ತದೆ, ಗೋಡೆ ಉಳಿದರೆ ಅಂಗಡಿ ಉಳಿಯುತ್ತದೆ.

ನನ್ನ ಹೆಂಡತಿ ಸರಸು ಮಣಿ ಕೂರಿಸಲು ಜೊತೆಗೆ ಕೂತಳು. ನಾನು ಕತ್ತರಿ ಆಡಿಸುವುದನ್ನು ನೋಡಿ, "ಏನ್ರೀ, ಅಳತೆಗಿಂತ ಅಗಲ ಮಾಡ್ತಿದ್ದೀರಲ್ಲ?" ಅಂದಳು.

"ಬೆಳೆಯೋ ಹುಡುಗಿ ಕಣೆ. ಇಂಥ ಒಳ್ಳೇ ಬಟ್ಟೆ, ಮುಂದಿನ ವರ್ಷಕ್ಕೂ ಆಗ್ಲಿ."

ನಮ್ಮ ಕಡೆ ಬೆಳೆಯುವ ಮಕ್ಕಳ ಬಟ್ಟೆಯನ್ನು ಮೈಗೆ ಸರಿಯಾಗಿ ಹೊಲಿದು ಕೊಟ್ಟ ಟೈಲರನ್ನು ತಾಯಂದಿರು ಎರಡನೇ ಸಲ ಮಾತಾಡಿಸುತ್ತಿರಲಿಲ್ಲ. ನಾನು ಮಾಡಿದ್ದು ಕೆಲಸವಲ್ಲ, ಉಪಕಾರ ಅಂದುಕೊಂಡೆ.

ಸಮಾರಂಭದ ಹಿಂದಿನ ದಿನ ಡಯಾನಾ ಗೌನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಗೌನು ಒಂದು ಕಡೆ ತಿರುಗಿತು, ಹುಡುಗಿ ಇನ್ನೊಂದು ಕಡೆ ತಿರುಗಿದಳು. ಲೂಪೆ ಸೊಂಟದ ಹತ್ತಿರ ಕೈ ತೂರಿಸಿ, "ಇದರೊಳಗೆ ನಾನೂ ಹಿಡೀತೀನಲ್ಲ, ಮಾಯೆಸ್ತ್ರೋ!" ಅಂದಳು.

"ಮುಂದಿನ ವರ್ಷ ಸರಿಯಾಗುತ್ತೆ" ಅಂದೆ, ಹೆಮ್ಮೆಯಿಂದ.

"ಮುಂದಿನ ವರ್ಷ ಇದನ್ನು ಯಾರು ಹಾಕ್ತಾರೆ? ಇದು ಒಂದೇ ದಿನದ ಬಟ್ಟೆ!"

ಹುಡುಗಿ ಇಂಗ್ಲಿಷಿನಲ್ಲಿ ಅತ್ತಳು. ಹಿಡಿದು ಬಿಗಿ ಮಾಡೋಣವೆಂದರೆ ಹೊಲಿಗೆಯ ಮೇಲೆಲ್ಲ ಸರಸುವಿನ ಮಣಿಗಳು, ಬಿಚ್ಚಲು ಒಂದು ರಾತ್ರಿ ಸಾಲದು. ಲೂಪೆ ಬೈಯಲಿಲ್ಲ, ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ರೆಡಿಮೇಡ್ ಗೌನಿನ ಅಂಗಡಿಗೆ ಹೋದಳು. ಗೆಳತಿಯರ ಅಮ್ಮಂದಿರೂ ಅಲ್ಲಿಗೇ ಹೋದರು. ತಿಂಗಳೊಳಗೆ ಬೇಕರಿಯವನು ಬಂದು ಗೋಡೆಗೆ ಕೈಯಿಟ್ಟು, ಹೋರಿಯ ಬೆನ್ನು ತಟ್ಟುವವನ ಹಾಗೆ ತಟ್ಟಿ ನೋಡಿದ.

ಅಂಗಡಿ ಖಾಲಿ ಮಾಡಿ ಮಿಷನ್ನುಗಳನ್ನು ಮನೆಗೆ ಸಾಗಿಸುವ ದಿನ ಲೂಪೆ ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು ಬಂದಳು. ಆ ರೆಡಿಮೇಡ್ ಅಂಗಡಿ ಅವಳ ನಾದಿನಿಯದಂತೆ. ಈ ಊರಿನಲ್ಲಿ ಅವಳಿಗೆ ನೆಂಟನಲ್ಲದವನು ನಾನೊಬ್ಬನೇ ಇರಬೇಕು. ಅಲ್ಲಿ ಗೌನು ಬಿಗಿ ಮಾಡಲು ಒಬ್ಬರು ಬೇಕಾಗಿದ್ದಾರಂತೆ, ನನ್ನ ಹೆಸರು ಹೇಳಿದ್ದಾಳಂತೆ. ನನ್ನೆದುರಿಗೇ ಫೋನ್ ಮಾಡಿ ಮಾತು ಖಾಯಂ ಮಾಡಿದಳು. ಅವಳ ಸ್ಪ್ಯಾನಿಷ್ ಆವತ್ತು ನನಗೆ ಪೂರ್ತಿ ಅರ್ಥವಾಯಿತು, ಅದೇ ದುಃಖ.

"ಮಾಯೆಸ್ತ್ರೋ ತುಂಬ ಒಳ್ಳೆಯವರು, ಕೈಯಲ್ಲಿ ಚಿನ್ನದಂಥ ಕೆಲಸ ಇದೆ. ಆದ್ರೆ ಅಳತೆ ಮಾತ್ರ ಅವರಿಗೆ ಬಿಡಬೇಡ."

ಸರಸು ಕಡೆ ನೋಡಿದೆ. ಅವಳಿಗೂ ಅರ್ಥವಾಗಿತ್ತು, ನಗು ಅಡಗಿಸಲು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ನಾನು "ಗ್ರಾಸಿಯಾಸ್, ಥ್ಯಾಂಕ್ಸ್" ಅಂದೆ. ಸೋಮವಾರದಿಂದ ಕೆಲಸ.