ಸಹಿ ಹಾಕಿದ ಛತ್ರಿಕಡ್ಡಿಗಳು

“ಅತ್ತಿಗೀ, ಸ್ವಲ್ಪ ಹಿಂದಕ್ಕೆ ನಿಲ್ರಿ. ಇನ್ನೂ ಸ್ವಲ್ಪ. ಗೋಡೆಗೆ ತಾಗೋವರೆಗೂ ಹೋಗ್ರಿ!”

ಮೈದುನ ಕೊಟ್ರೇಶಪ್ಪ ಹೀಗೆ ಹೇಳಿದನೆಂದರೆ ದಾನಮ್ಮ ಟೀಚರ್ ಗೋಡೆಗೆ ತಾಗಿ ನಿಲ್ಲುವವರಲ್ಲ, ಬಾಗಿಲಿಗೆ ತಾಗಿ ನಿಲ್ಲುವವರು. ಓಡಿಹೋಗಲು ಅನುಕೂಲ! ರೇಡಿಯೊ ರಿಪೇರಿ ಅಂಗಡಿ ಮುಚ್ಚಿದಾಗಿನಿಂದ ಅವನು ಕಂಡುಹಿಡಿದದ್ದನ್ನೆಲ್ಲ ಅವರು ಹತ್ತಿರದಿಂದ ನೋಡಿದ್ದರು. ಅವನ ರೊಟ್ಟಿ ಯಂತ್ರ ರೊಟ್ಟಿಗಳನ್ನು ಅಡುಗೆಮನೆ ಗೋಡೆಗೆ ಬಡಿದು ಅಂಟಿಸಿತ್ತು. ಅವನ ಬುದ್ಧಿವಂತ ಕರೆಗಂಟೆ, ಬಂದ ನೆಂಟರು ಯಾಕೆ ಬಂದಿದ್ದಾರೆ ಎಂಬುದನ್ನು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿ, ಎರಡು ಮನೆತನಗಳ ಮಾತು ನಿಲ್ಲಿಸಿತ್ತು.

ಈ ಸಲ ಸಭಾಭವನದ ನಡುವೆ ನಿಂತಿದ್ದದ್ದು ಹಳೇ ರೇಡಿಯೊ ಪೆಟ್ಟಿಗೆ. ಅದರ ನೆತ್ತಿಯ ಮೇಲೊಂದು ಕ್ಯಾಮೆರಾ. ಸುತ್ತಲೂ ಏಡಿಯ ಕಾಲುಗಳಂತೆ ಚಾಚಿದ ಇಪ್ಪತ್ತನಾಲ್ಕು ಛತ್ರಿಕಡ್ಡಿಗಳು, ಪ್ರತಿ ಕಡ್ಡಿಯ ತುದಿಗೂ ದಾರ ಪೋಣಿಸಿದ ಸೂಜಿ!

“ಇದರ ಹೆಸರು ಹಸ್ತಪ್ರಸಾರ!” ಎಂದ ಕೊಟ್ರೇಶಪ್ಪ ಎದೆಯುಬ್ಬಿಸಿ. “ಜಗತ್ತೆಲ್ಲ ಮುಖ ತೋರಿಸೋ ಲೈವ್ ಮಾಡ್ತೈತಿ ಅತ್ತಿಗಿ. ನಾನು ಕೈ ಕಳಿಸೋ ಲೈವ್ ಮಾಡೀನಿ!”

ಇದಕ್ಕೆ ಕಾರಣ ಒಂದು ಕಾಗದ.

ಗಿರಣಿ ಕಾಲೋನಿಯ ಹತ್ತಿ ಗಿರಣಿ ನಿಂತು ಎಷ್ಟೋ ವರ್ಷ ಆಗಿತ್ತು. ಉಳಿದದ್ದು ಮೂರು ಮಹಡಿಯ ಮನೆಗಳ ನಾಲ್ಕು ಸಾಲು, ನಡುವೆ ಈ ಸಭಾಭವನ. ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದ ದಾನಮ್ಮ ಟೀಚರ್ ಅಲ್ಲೊಂದು ಕೆಲಸ ಹಚ್ಚಿಕೊಂಡಿದ್ದರು. ಪ್ರತಿ ಮನೆಯಿಂದ ಒಂದು ಹಳೇ ಬಟ್ಟೆಯ ತುಂಡು ತಂದು, ಎಲ್ಲರೂ ಕೂಡಿ ಇಡೀ ಕಾಲೋನಿಗೆ ಒಂದೇ ಕೌದಿ ಹೊಲಿಯುವುದು! ಮೊದಮೊದಲು ಐವತ್ತು ಜನ ಬರುತ್ತಿದ್ದರು. ಆಮೇಲೆ ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಮನೆಯಲ್ಲಿ ಕೂಸು, ಮತ್ತೊಬ್ಬರಿಗೆ ಪಾಳಿ ಕೆಲಸ. ಕೊನೆಗೆ ಏಳು ಜನ ಉಳಿದರು. ಕಾಲೋನಿಯಲ್ಲೇ ಎಲ್ಲರಿಗಿಂತ ಚೆನ್ನಾಗಿ ಕೌದಿ ಹೊಲಿಯುವ ಜುಬೇದಕ್ಕ ಸೊಂಟ ಮುರಿದುಕೊಂಡು ಮೂರನೇ ಮಹಡಿಯಲ್ಲಿ ಮಂಚ ಹಿಡಿದ ಮೇಲಂತೂ ಭವನ ಬಿಕೋ ಎನ್ನತೊಡಗಿತು.

ಆಗಲೇ ದಾನಮ್ಮ ಫೋನಿನಲ್ಲಿ ಲೈವ್ ಶುರು ಮಾಡಿದ್ದು. ಅವರು ಭವನದಲ್ಲಿ ಕೂತು ಹೊಲಿಯುವರು, ಉಳಿದವರು ಮನೆಯಲ್ಲೇ ನೋಡುತ್ತ ತಮ್ಮ ಪಾಲಿನ ತುಂಡು ಹೊಲಿಯುವರು. ನಡುನಡುವೆ ಹಾಡು, ಒಗಟು, ಜಗಳ, ಎಲ್ಲ! ನೋಡುವವರ ಸಂಖ್ಯೆ ಇನ್ನೂರೈವತ್ತಕ್ಕೆ ಏರಿತು.

ಆದರೆ ಪೇಟೆ ಅಭಿವೃದ್ಧಿ ಸಮಿತಿಯ ಕಣ್ಣಿಗೆ ಭವನ ಖಾಲಿಯಾಗಿಯೇ ಕಂಡಿತು. ಹಳೇ ದೀಪದ ಕಂಬಗಳನ್ನು ತುಂಬಿಡಲು ಅವರಿಗೊಂದು ಉಗ್ರಾಣ ಬೇಕಿತ್ತು. ಕಾಗದ ಬಂತು: “ಮೇಲ್ವಿಚಾರಕರ ಸಮಕ್ಷಮ, ಭವನದ ಒಳಗೆ, ಕನಿಷ್ಠ ಮೂವತ್ತು ನಿವಾಸಿಗಳು ಹಾಜರಿ ಪುಸ್ತಕದಲ್ಲಿ ಕೈಯಾರೆ ಸಹಿ ಮಾಡತಕ್ಕದ್ದು. ತಪ್ಪಿದಲ್ಲಿ ಬೀಗ ಹಾಕಲಾಗುವುದು.” ಲೈವ್ ನೋಡುವವರನ್ನೂ ಎಣಿಸಿಕೊಳ್ಳಿ ಎಂದು ದಾನಮ್ಮ ಮೂರು ಸಲ ಬರೆದರು. ಉತ್ತರ ಎರಡೇ ಪದದಲ್ಲಿ ಬಂತು: “ನೋಡುವವರು ಬಂದವರಲ್ಲ.”

“ಬಂದವರಲ್ಲ ಅಂತೆ!” ಎಂದು ಅವರು ಕಾಗದವನ್ನು ಮೇಜಿಗೆ ಬಡಿದಿದ್ದರು. “ಜುಬೇದಕ್ಕನ ಕೈ ಕಡಿದು ಬುಟ್ಟಿಯಲ್ಲಿಟ್ಟು ತರಬೇಕಾ ಇವರಿಗೆ?”

ಕೊಟ್ರೇಶಪ್ಪ ಅದನ್ನು ಕೇಳಿ ಎದ್ದುಹೋದವನು ಹತ್ತೊಂಬತ್ತು ದಿನ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ.

“ನಿಮ್ಮ ಫೋನಿನ ಮುಂದೆ ನೀವು ಕೈ ಆಡಿಸ್ರಿ, ಇಲ್ಲಿ ಕಡ್ಡಿ ಹಾಂಗೇ ಆಡ್ತೈತಿ. ಅಷ್ಟೇ!” ಎಂದು ಅವನು ಈಗ ಪೆಟ್ಟಿಗೆಯ ಸ್ವಿಚ್ ಒತ್ತಿದ. “ಜುಬೇದಕ್ಕಾ, ಶುರು ಮಾಡ್ರಿ!”

ಒಂಬತ್ತನೇ ನಂಬರಿನ ಕಡ್ಡಿ ನಡುಗಿತು. ಮೆಲ್ಲಗೆ ಬಾಗಿ ಕೌದಿಯ ಅಂಚು ಮುಟ್ಟಿತು. ಮೂರು ನೇರ ಹೊಲಿಗೆ, ಒಂದು ಓರೆ. ಮತ್ತೆ ಮೂರು ನೇರ, ಒಂದು ಓರೆ.

ದಾನಮ್ಮ ಬಾಗಿಲು ಬಿಟ್ಟು ಹತ್ತಿರ ಬಂದರು. ಆ ಓರೆ ಹೊಲಿಗೆಯನ್ನು ಕಾಲೋನಿಯಲ್ಲಿ ಒಬ್ಬರೇ ಹಾಕುತ್ತಿದ್ದದ್ದು. ಒಂದೂವರೆ ವರ್ಷದಿಂದ ಆ ಕೌದಿಯಲ್ಲಿ ಅಂಥದ್ದೊಂದು ಹೊಲಿಗೆ ಬಿದ್ದಿರಲಿಲ್ಲ.

“ದಾನವ್ವಾ,” ಎಂದಿತು ಪೆಟ್ಟಿಗೆಯೊಳಗಿನ ಜುಬೇದಕ್ಕನ ದನಿ. “ಇಷ್ಟು ಅಡ್ಡಾದಿಡ್ಡಿ ಹೊಲಿದವರು ಯಾರು? ನಾನಿಲ್ಲ ಅಂತ ಏನು ಬೇಕಾದ್ರೂ ಮಾಡಿಬಿಡೋದಾ?”

“ನಾನೇ ಜುಬೇದಕ್ಕ,” ಎಂದು ದಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಬೈಯಿರಿ, ಇನ್ನಷ್ಟು ಬೈಯಿರಿ.”

ಹನ್ನೊಂದು ಗಂಟೆಗೆ ಸರಿಯಾಗಿ ಮೇಲ್ವಿಚಾರಕ ಮಹಾಲಿಂಗಯ್ಯ ಬಂದರು. ಬಿಳೀ ಅಂಗಿ, ಬಿಳೀ ಪ್ಯಾಂಟು. ಒಂದು ಕೈಯಲ್ಲಿ ಹಾಜರಿ ಪುಸ್ತಕ, ಇನ್ನೊಂದರಲ್ಲಿ ತೆಂಗಿನಕಾಯಿ ಗಾತ್ರದ ಬೀಗ. ಪ್ಲಾಸ್ಟಿಕ್ ವೈರು ಹೆಣೆದ ಕುರ್ಚಿಯಲ್ಲಿ ಕೂತು, ಅವರು ತಲೆ ಎಣಿಸಿದರು.

“ಏಳು,” ಎಂದರು.

“ತಾಳ್ರಿ ಸಾರ್,” ಎಂದು ಕೊಟ್ರೇಶಪ್ಪ ಲೈವ್ ಶುರು ಮಾಡಿದ. ಇಪ್ಪತ್ತನಾಲ್ಕು ಕಡ್ಡಿಗಳೂ ಒಟ್ಟಿಗೆ ಎದ್ದು ನಿಂತವು! ಮಹಾಲಿಂಗಯ್ಯ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ನಾಲ್ಕನೇ ಕಡ್ಡಿ ಉದ್ದಕ್ಕೆ ಚಾಚಿ ಅವರ ಬೋಳು ತಲೆಯ ಮೇಲೆ ಪಟ್ ಪಟ್ ಪಟ್ ಎಂದು ಬಡಿಯತೊಡಗಿತು.

“ಏನ್ರೀ ಇದು! ಸರ್ಕಾರಿ ಕೆಲಸಕ್ಕೆ ಅಡ್ಡಿ!”

“ಯಂತ್ರ ಸರಿ ಐತಿ ಸಾರ್!” ಎಂದು ಕೊಟ್ರೇಶಪ್ಪ ಹೆಮ್ಮೆಯಿಂದ ಕೂಗಿದ. “ಎರಡನೇ ಸಾಲಿನ ಶಾಂತವೀರಮ್ಮಾರು ರೊಟ್ಟಿ ಬಡೀತಿದಾರ, ಅದಕ್ಕೇ! ಶಾಂತವೀರಮ್ಮಾ, ರೊಟ್ಟಿ ಆಮೇಲೆ!”

“ಇದೊಂದೇ ಐತಪ್ಪ, ಮುಗೀತು,” ಎಂದಿತು ಪೆಟ್ಟಿಗೆ. ಕೊನೆಯ ಬಡಿತ ಜೋರಾಗಿಯೇ ಬಿತ್ತು.

ಮಹಾಲಿಂಗಯ್ಯ ತಲೆ ಸವರಿಕೊಂಡು ಬೀಗ ಎತ್ತಿಕೊಂಡರು. “ನೋಡಿಯಮ್ಮ, ಆಟ ಸಾಕು. ಇಲ್ಲಿ ಮೂವತ್ತು ಜನ ಇಲ್ಲ. ನಾನು ನಿಯಮ ಬರೆದವನಲ್ಲ, ಓದುವವನು.”

“ಹಾಗಾದ್ರೆ ಸರಿಯಾಗಿ ಓದಿ,” ಎಂದರು ದಾನಮ್ಮ. ಐದಡಿ ಎತ್ತರದ ಹೆಂಗಸು ಬಾಗಿಲಿಗೆ ಅಡ್ಡ ನಿಂತು, ತರಗತಿಯಲ್ಲಿ ನಿಂತಂತೆ ಕಾಗದ ಹಿಡಿದರು. “ಭವನದ ಒಳಗೆ. ನಿಮ್ಮ ಸಮಕ್ಷಮ. ಕೈಯಾರೆ. ಕಾಲಾರೆ ಅಂತ ಎಲ್ಲಾದ್ರೂ ಬರೆದಿದೆಯಾ? ನಮ್ಮ ಜನರ ಕೈ ಇಲ್ಲಿದೆ. ಕಾಲು ಮನೆಯಲ್ಲಿದೆ. ಆ ಕಾಲು ನಲವತ್ತು ವರ್ಷ ಗಿರಣಿಯಲ್ಲಿ ನಿಂತಿತ್ತು ಸಾರ್, ಈಗ ಕೂತಿದೆ. ಪುಸ್ತಕ ತೆಗೀರಿ!”

ಮಹಾಲಿಂಗಯ್ಯ ಕಾಗದ ಇಸಿದುಕೊಂಡು ಎರಡು ಸಲ ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು. ನಿಯಮದಲ್ಲಿ ಕಾಲಿನ ಪ್ರಸ್ತಾಪವೇ ಇರಲಿಲ್ಲ. ಅವರು ಪುಸ್ತಕ ಬಿಚ್ಚಿದರು.

ಒಂಬತ್ತನೇ ಕಡ್ಡಿ ಮೊದಲು ಬಾಗಿತು. ಕೆಂಪು ದಾರದಲ್ಲಿ, ಹಾಳೆಯ ಮೇಲೆ, ಗುಂಡಗಿನ ಅಕ್ಷರಗಳಲ್ಲಿ ಹೊಲಿಯಿತು: ಜುಬೇದಾ. ಅದರ ಹಿಂದೆ ಶಾಂತವೀರಮ್ಮ, ಹಸಿರಿನಲ್ಲಿ. ಆಮೇಲೆ ಒಬ್ಬೊಬ್ಬರೇ.

“ಇದು ಶಾಯಿ ಅಲ್ಲ, ದಾರ,” ಎಂದು ಮಹಾಲಿಂಗಯ್ಯ ಗೊಣಗಿದರು.

“ಶಾಯಿ ಅಂತಲೂ ಬರೆದಿಲ್ಲ,” ಎಂದರು ದಾನಮ್ಮ.

ಹತ್ತು ನಿಮಿಷದಲ್ಲಿ, ಅಲ್ಲಿದ್ದ ಏಳು ಜನರದೂ ಸೇರಿ, ಮೂವತ್ತೊಂದು ಸಹಿ ಬಿದ್ದವು. ಭವನದಲ್ಲಿದ್ದ ಏಳೂ ಜನ ಚಪ್ಪಾಳೆ ತಟ್ಟಿದರು. ಪೆಟ್ಟಿಗೆಯೊಳಗೂ ಚಪ್ಪಾಳೆ ಕೇಳಿತು, ಕಡ್ಡಿಗಳು ಒಂದಕ್ಕೊಂದು ಬಡಿದು ಟಣಟಣ ಎಂದವು. ಅಲ್ಲಿಗೆ ನಿಂತಿದ್ದರೆ ಇದನ್ನು ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ಆದರೆ ಲೈವ್ ಊರೆಲ್ಲ ಹರಡಿಬಿಟ್ಟಿತ್ತು! ಇನ್ನೂರೈವತ್ತು ಇದ್ದದ್ದು ಸಾವಿರವಾಯಿತು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು, ಗಿರಣಿ ಮುಚ್ಚಿದಾಗ ಹೊರಟುಹೋದ ಕುಟುಂಬಗಳು, ಎಲ್ಲರೂ “ನನ್ನದೂ ಒಂದು ಸಹಿ!” ಎಂದು ಕೈಯೊಡ್ಡಿದರು. ಸಾವಿರ ಕೈಗೆ ಇಪ್ಪತ್ತನಾಲ್ಕೇ ಕಡ್ಡಿ!

“ಹೆದರಬ್ಯಾಡ್ರಿ, ವೇಗ ಏರಿಸ್ತೀನಿ!” ಎಂದು ಕೊಟ್ರೇಶಪ್ಪ ಪೆಟ್ಟಿಗೆಯ ಗುಂಡಿ ತಿರುಗಿಸಿದ.

“ಬೇಡವೋ ಕೊಟ್ರೇಶಿ!” ಎಂದು ದಾನಮ್ಮ ಕೂಗುವುದರೊಳಗೆ ತಿರುಗಿಸಿ ಆಗಿತ್ತು. ಕಡ್ಡಿಗಳು ಕಣ್ಣಿಗೆ ಕಾಣದಷ್ಟು ಜೋರಾಗಿ ಓಡಿದವು. ಪುಸ್ತಕದ ಹಾಳೆಗಳು ಮುಗಿದವು. ಕೌದಿಯ ಅಂಚು ತುಂಬಿತು. ಕಿಟಕಿಯ ಪರದೆ ಮುಗಿಯಿತು. ಆಮೇಲೆ ಇಪ್ಪತ್ತನಾಲ್ಕು ಸೂಜಿಗಳೂ ಕ್ಷಣ ನಿಂತು, ಮೂಸಿ ನೋಡುವಂತೆ ಅತ್ತಿತ್ತ ಆಡಿ, ಭವನದಲ್ಲಿ ಉಳಿದಿದ್ದ ಅತಿ ದೊಡ್ಡ ಬಿಳೀ ಬಟ್ಟೆಯ ಕಡೆ ತಿರುಗಿದವು.

“ಅಯ್ಯೋ!” ಎಂದರು ಮಹಾಲಿಂಗಯ್ಯ.

“ಅಲ್ಲಾಡಬ್ಯಾಡ್ರಿ ಸಾರ್! ಚರ್ಮಕ್ಕೆ ತಾಗದಂಗೆ ಲೆಕ್ಕ ಹಾಕಿ ಮಾಡೀನಿ, ಕೂದಲೆಳೆಯಷ್ಟು ಜಾಗ ಬಿಟ್ಟೈತಿ!”

ಮಹಾಲಿಂಗಯ್ಯನವರಿಗೆ ವಿಪರೀತ ಕಚಗುಳಿ ಎಂಬುದು ಆಗ ಗೊತ್ತಾಯಿತು. ಅವರು ಕಿರುಚಬೇಕೆಂದು ಬಾಯಿ ತೆರೆದರೆ ಹಿಹ್ಹಿಹ್ಹಿ ಎಂದು ನಗೆ ಹೊರಬಂತು. “ನಿಲ್ಲಿಸ್ರೀ! ಹಿಹ್ಹೀ! ನೋಟಿಸ್ ಕೊಡ್ತೀನಿ! ಹ್ಹೊಹ್ಹೊ!” ಅಂಗಿ ಬನಿಯನ್ನಿಗೆ ಹೊಲಿದುಹೋಯಿತು, ಅಂಗಿಯ ತೋಳು ಪಕ್ಕಕ್ಕೆ ಹೊಲಿದುಹೋಯಿತು, ಪ್ಯಾಂಟು ಕುರ್ಚಿಯ ವೈರಿಗೆ ಹೊಲಿದುಹೋಯಿತು. ದಾನಮ್ಮ ಓಡಿಹೋಗಿ ಪ್ಲಗ್ಗು ಕಿತ್ತರು. ಕಡ್ಡಿಗಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

“ಕರೆಂಟು ಹೋದ್ರೂ ನಿಲ್ಲಬಾರದು ಅಂತ ಬ್ಯಾಟರಿ ಇಟ್ಟೀನಿ ಅತ್ತಿಗಿ,” ಎಂದ ಕೊಟ್ರೇಶಪ್ಪ ಸಣ್ಣ ದನಿಯಲ್ಲಿ.

ದಾನಮ್ಮ ನೇರ ಹೋಗಿ ಕ್ಯಾಮೆರಾದ ಮುಂದೆ ನಿಂತರು. ಒಂದು ಬೆರಳು ಎತ್ತಿ, ಐವತ್ತು ಮಕ್ಕಳ ತರಗತಿಯನ್ನು ಗಪ್‌ಚುಪ್ ಮಾಡುತ್ತಿದ್ದ ಅದೇ ಗಂಟಲಿನಲ್ಲಿ ಹೇಳಿದರು:

“ಎಲ್ಲರೂ, ಕೈ ಕೆಳಗೆ!”

ಇಪ್ಪತ್ತನಾಲ್ಕು ಕಡ್ಡಿಗಳು ಗಾಳಿಯಲ್ಲೇ ನಿಂತವು. ಆಮೇಲೆ ಒಟ್ಟಿಗೇ ಇಳಿದವು.

ಮಹಾಲಿಂಗಯ್ಯ ನಗೆ ನಿಲ್ಲಿಸಿ ಆ ಕಡ್ಡಿಗಳನ್ನೇ ನೋಡಿದರು. ಒಂದು ಮಾತಿಗೆ ಸಾವಿರ ಕೈ ನಿಂತದ್ದನ್ನು ಅವರು ಯಾವ ಸಭೆಯಲ್ಲೂ ಕಂಡಿರಲಿಲ್ಲ. ಅವರ ಕಚೇರಿಯ ಸಭೆಯಲ್ಲಿ ಹನ್ನೊಂದು ಜನರೇ ಒಬ್ಬರ ಮಾತು ಒಬ್ಬರು ಕೇಳುತ್ತಿರಲಿಲ್ಲ.

“ಇವರೆಲ್ಲ...” ಎಂದು ಅವರು ಕ್ಯಾಮೆರಾದ ಕಡೆ ನೋಡಿದರು. “ಇವರೆಲ್ಲ ಇಲ್ಲೇ ಇದ್ದಾರಲ್ರೀ!”

“ಅದನ್ನೇ ಮೂರು ಕಾಗದದಲ್ಲಿ ಬರೆದಿದ್ದೆ,” ಎಂದರು ದಾನಮ್ಮ.

ಒಂಬತ್ತನೇ ಕಡ್ಡಿ ಮಾತ್ರ ಮೆಲ್ಲಗೆ ಮತ್ತೆ ಎದ್ದಿತು. “ಗಂಟು ಹಾಕದೇ ಬಿಟ್ರೆ ಬಿಚ್ಚಿ ಹೋಗ್ತೈತವ್ವಾ,” ಎಂದು ಜುಬೇದಕ್ಕನ ದನಿ ಕೇಳಿತು. ಮಹಾಲಿಂಗಯ್ಯನವರ ಕಾಲರಿನ ಕೆಳಗೆ ಅಚ್ಚುಕಟ್ಟಾಗಿ ಒಂದು ಗಂಟು ಬಿತ್ತು.

ಕೊಟ್ರೇಶಪ್ಪ ಕತ್ತರಿ ತಂದ. ಮಹಾಲಿಂಗಯ್ಯ ಬಗ್ಗಿ ತಮ್ಮ ಎದೆ ನೋಡಿಕೊಂಡರು. ಹೊಟ್ಟೆ, ತೊಡೆ, ತೋಳು, ಎಲ್ಲೆಲ್ಲೂ ಬಣ್ಣಬಣ್ಣದ ಹೆಸರುಗಳು. ಕೆಂಪಮ್ಮ, ರಜಾಕ್‌ಸಾಬ್, ಹಾಲಪ್ಪ, ಫಿಲೋಮಿನಾ.

“ಮುಟ್ಟಬೇಡ!” ಎಂದು ಗದರಿದರು. “ಸಹಿಯಾದ ದಾಖಲೆ ಕತ್ತರಿಸೋದು ಅಪರಾಧ. ಇಪ್ಪತ್ತಾರು ವರ್ಷದ ಸರ್ವಿಸ್‌ನಲ್ಲಿ ನಾನು ಒಂದು ಹಾಳೆ ಹರಿದವನಲ್ಲ. ಹಾಗೇ ಎತ್ತಿ!”

ನಾಲ್ಕು ಜನ ಕುರ್ಚಿ ಸಮೇತ ಅವರನ್ನೆತ್ತಿ ಗೂಡ್ಸ್ ಆಟೊದಲ್ಲಿ ಕೂರಿಸಿದರು. ದಾನಮ್ಮ ಪಕ್ಕದಲ್ಲಿ ನಿಂತು ಫೋನಿನಲ್ಲಿ ಲೈವ್ ಮುಂದುವರಿಸಿದರು. ನಾಲ್ಕೂ ಸಾಲಿನ ಮಹಡಿಗಳಿಂದ ಜನ ಕೈ ಬೀಸಿದರು. ತೋಳು ಹೊಲಿದಿದ್ದರಿಂದ ಮಹಾಲಿಂಗಯ್ಯ ಎರಡು ಬೆರಳು ಆಡಿಸಿದರು.

ಆಟೊ ಸಮಿತಿಯ ಕಚೇರಿ ಮುಂದೆ ನಿಂತಾಗ ಅಧ್ಯಕ್ಷರು ಹೊರಗೆ ಬಂದು ತಮ್ಮ ಮೇಲ್ವಿಚಾರಕನನ್ನು ಮುಂದಿನಿಂದ ಓದಿದರು. ಆಟೊ ತಿರುಗಿಸಿ ಹಿಂದಿನಿಂದಲೂ ಓದಿದರು.

“ಭವನ ಬಳಕೆಯಲ್ಲಿದೆ ಸಾರ್,” ಎಂದರು ಮಹಾಲಿಂಗಯ್ಯ ಗಟ್ಟಿಯಾಗಿ. “ನಾನೇ ಸಾಕ್ಷಿ. ಬೀಗ ಹಾಕೋದಾದ್ರೆ ಮೊದಲು ನನ್ನನ್ನ ಒಳಗೆ ಕೂರಿಸಿ ಹಾಕಿ!”

ಫೋನಿನಲ್ಲಿ ಎರಡು ಸಾವಿರ ಜನ ನೋಡುತ್ತಿದ್ದರು. ಅಧ್ಯಕ್ಷರು ಒಮ್ಮೆ ಫೋನು ನೋಡಿದರು, ಒಮ್ಮೆ ಅಂಗಿ ನೋಡಿದರು. ಬೀಗದ ಆದೇಶ ರದ್ದಾಯಿತು ಎಂದು ಅಲ್ಲೇ ಹೇಳಿ ಒಳಗೆ ಹೋದರು.

ಟಪಾಲು ಗುಮಾಸ್ತ ಕನ್ನಡಕ ಏರಿಸಿಕೊಂಡು ಬಂದು, ಮಹಾಲಿಂಗಯ್ಯನವರ ಜೇಬಿನ ಮೇಲೆ ಸ್ವೀಕೃತಿಯ ಮೊಹರು ಒತ್ತಿ, ನಂಬರು ಬರೆದ.

“ಇದರ ಜತೆ ಲಗತ್ತು ಏನಾದ್ರೂ ಐತ್ರೀ?” ಎಂದು ಕೇಳಿದ.

“ಕುರ್ಚಿ ಒಂದು,” ಎಂದರು ದಾನಮ್ಮ ಟೀಚರ್. “ಅದು ಮಾತ್ರ ವಾಪಸ್ ಬೇಕು.”