ಕಲ್ಲಿನ ಕೆಳಗಿನ ಹೊಂಗೆ ಎಲೆ

ಶಾಲೆಗೆ ನಡೆದು ಹೋಗಿ ಓದಿದವರಿಗೆಲ್ಲ ಒಂದು ಕಾಯಿಲೆ ಇರುತ್ತದೆ. ವಯಸ್ಸಾದಷ್ಟೂ ಅವರ ಶಾಲೆ ದೂರ ಹೋಗುತ್ತದೆ. ಹಳೇಕೋಟೆ ಹೋಬಳಿಯ ನಮ್ಮೂರಿನಿಂದ ನಾನು ಓದಿದ ಮಿಡ್ಲ್ ಸ್ಕೂಲಿಗೆ ಇದ್ದದ್ದು ಎರಡು ಮೈಲಿ. ಮದುವೆಯಾದ ಹೊಸತರಲ್ಲಿ ಹೆಂಡತಿ ವಿಮಲಳಿಗೆ ಮೂರು ಮೈಲಿ ಎಂದಿದ್ದೆ. ಮಗಳು ಸ್ಕೂಲ್ ವ್ಯಾನೇ ಬೇಕೆಂದು ಹಟ ಹಿಡಿದಾಗ ಅದು ನಾಲ್ಕಾಯಿತು. ಈಗ ರಜಕ್ಕೆ ಬರುವ ಮೊಮ್ಮಗನ ಮುಂದೆ ಆರಕ್ಕೆ ಬಂದು ನಿಂತಿದೆ, ನಡುವೆ ಈಜಿ ದಾಟಬೇಕಾದ ಒಂದು ಹಳ್ಳವೂ ಸೇರಿಕೊಂಡಿದೆ. ಅಡುಗೆಮನೆಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುವ ವಿಮಲ, ಇನ್ನು ನಾಲ್ಕು ವರ್ಷ ಕಳೆದರೆ ನಿಮ್ಮ ತಾತ ಹಾಸನದವರೆಗೂ ನಡೆದುಬಿಡುತ್ತಾರೆ ಎಂದು ಮೊಮ್ಮಗನಿಗೆ ಹೇಳಿ ನನ್ನ ಮಾನ ಕಳೆಯುತ್ತಾಳೆ. ಹೀಗೆ ಇಲ್ಲದ್ದನ್ನೆಲ್ಲ ಸೇರಿಸಿ ಹೇಳುವ ನಾನು ಆ ದಾರಿಯಲ್ಲಿ ನಿಜವಾಗಿ ನಡೆದ ಒಂದು ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿಬಿಡುತ್ತೇನೆ, ಏಕೆಂದರೆ ಹೋದ ತಿಂಗಳು ಅದು ತಾನಾಗಿಯೇ ಮನೆಯ ಬಾಗಿಲಿಗೆ ಬಂತು.

ಶಾಲೆಯಿಂದ ಹೊರಟರೆ ಮೊದಲು ಕೆರೆ ಏರಿ. ಏರಿ ಮುಗಿಯುವಲ್ಲಿ ಒಂದು ಹೊಂಗೆ ಮರ, ಅದರ ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ಅಲ್ಲಿಂದ ಮುಂದೆ ದಾರಿ ಸ್ಮಶಾನದ ಪಕ್ಕದಲ್ಲೇ ಹೋಗುತ್ತಿತ್ತು. ಹಾಗಾಗಿ ನಮ್ಮೂರಿನ ಹುಡುಗರು ಯಾರೂ ಒಂಟಿಯಾಗಿ ಆ ಮರ ದಾಟುತ್ತಿರಲಿಲ್ಲ. ಮೊದಲು ಬಂದವರು ಮರದ ಕೆಳಗೆ ಕೂತು ಜೊತೆಗಾರನಿಗಾಗಿ ಕಾಯಬೇಕು. ಕಾಯದೆ ಬೇರೆಯವರ ಜೊತೆ ಹೋಗುವುದಾದರೆ ಒಂದು ಹಸಿರು ಎಲೆ ಕಿತ್ತು ಚಪ್ಪಡಿಯ ಮೇಲಿಟ್ಟು, ಹಾರಿಹೋಗದಂತೆ ಅದರ ಮೇಲೊಂದು ಕಲ್ಲು ಹೇರಬೇಕು. ಎಲೆ ಇದ್ದರೆ 'ನಾನು ಹೋದೆ, ಕಾಯಬೇಡ' ಎಂದರ್ಥ. ಎಲೆ ಇಲ್ಲದಿದ್ದರೆ ಜೊತೆಗಾರ ಇನ್ನೂ ಹಿಂದೆಯೇ ಇದ್ದಾನೆ, ಕಾಯಬೇಕು. ಈ ಕಾನೂನು ಮಾಡಿದವರು ಯಾರೋ ಗೊತ್ತಿಲ್ಲ. ಮುಂದೆ ಮೂವತ್ತು ವರ್ಷ ಹೈಸ್ಕೂಲು ಮೇಷ್ಟರಾಗಿ ನಾನು ಎಷ್ಟೋ ಶಿಸ್ತಿನ ನಿಯಮಗಳನ್ನು ಬೋರ್ಡಿನ ಮೇಲೆ ಬರೆದೆ. ಅವುಗಳಲ್ಲಿ ಒಂದನ್ನೂ ಮಕ್ಕಳು ಈ ಎಲೆಯಷ್ಟು ಗೌರವಿಸಲಿಲ್ಲ.

ನನ್ನ ಜೊತೆಗಾರ ಪದ್ಮರಾಜ. ನಮ್ಮೂರಲ್ಲಿದ್ದ ಎರಡು ಜೈನರ ಮನೆಗಳಲ್ಲಿ ಒಂದು ಅವರದು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ, ಸೂರ್ಯ ಇಳಿದನೆಂದರೆ ಒಲೆಯೂ ಆರಿತು. ಶಾಲೆ ಬಿಟ್ಟು ಬಿರಬಿರನೆ ನಡೆದರೆ ಚಳಿಗಾಲದಲ್ಲೂ ಅವನಿಗೆ ಊಟ ಸಿಗುತ್ತಿತ್ತು. ಆದರೆ ನನ್ನ ಜೊತೆ ಬಿರಬಿರನೆ ನಡೆಯುವುದೆಲ್ಲಿ ಬಂತು? ನಾನು ಬೇಲಿಯ ಕಾರೆಹಣ್ಣನ್ನು ಬಿಡುವವನಲ್ಲ, ಓತಿಕ್ಯಾತನನ್ನು ಬಿಡುವವನಲ್ಲ. ಅವನು ಹಿಂದಿನಿಂದ ಬಿಸಿಲು ನೋಡುತ್ತಾ, ತೆಂಗಿನ ಮರದ ತಲೆಗೆ ಬಂತು, ತೋಪಿನ ಹಿಂದಕ್ಕೆ ಹೋಯಿತು ಎಂದು ಹೇಳುತ್ತಲೇ ಇರುತ್ತಿದ್ದ. ಗಡಿಯಾರವಿಲ್ಲದ ಆ ಕಾಲದಲ್ಲಿ ಅಷ್ಟು ಸರಿಯಾಗಿ ಹೊತ್ತು ಹೇಳುತ್ತಿದ್ದ ಇನ್ನೊಬ್ಬ ಹುಡುಗನನ್ನು ನಾನು ಕಂಡಿಲ್ಲ. ಹೊಟ್ಟೆಪಾಡು ಎಂಥ ವಿದ್ಯೆಯನ್ನಾದರೂ ಕಲಿಸುತ್ತದೆ.

ಏಳನೇ ತರಗತಿಯಲ್ಲಿದ್ದಾಗ ಒಂದು ದಿನ ಲೆಕ್ಕದ ಮೇಷ್ಟರು ಕೇಳಿದ ಪ್ರಶ್ನೆಗೆ ಪದ್ಮರಾಜ ಉತ್ತರ ಹೇಳಿದ, ನಾನು ಹೇಳಲಿಲ್ಲ. ಉತ್ತರ ಹೇಳಿದವನು ಹೇಳದವನ ಮೂಗು ಹಿಡಿದು ಕೆನ್ನೆಗೆ ಬಾರಿಸುವುದು ಆ ಕಾಲದ ಪದ್ಧತಿ. ಅವನು ಮೆಲ್ಲಗೇ ಹೊಡೆದ. ಮೆಲ್ಲಗೆ ಹೊಡೆದನಲ್ಲ ಎಂಬುದೇ ನನಗೆ ಇನ್ನಷ್ಟು ಅವಮಾನವಾಯಿತು. ಅದೇ ಸಂಜೆ ಶಾಲೆಯ ಮುಂದೆ ನನ್ನ ಸೋದರಮಾವ ಹೊಸ ಸೈಕಲ್ಲಿನಲ್ಲಿ ಬಂದು ನಿಂತಿದ್ದರು. ಪದ್ಮರಾಜನಿಗೆ ಅಂದು ತರಗತಿ ಗುಡಿಸುವ ಸರದಿ. ನಾನು ಅವನಿಗೆ ಹೇಳದೆ ಕ್ಯಾರಿಯರ್ ಹತ್ತಿದೆ. ಹೊಂಗೆ ಮರದ ಹತ್ತಿರ ಬಂದಾಗ, 'ಮಾವ, ಒಂದು ನಿಮಿಷ ನಿಲ್ಲಿಸಿ' ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಕೆನ್ನೆ ಮುಟ್ಟಿ ನೋಡಿಕೊಂಡೆ. ಕಾಯಲಿ ಬಿಡು ಎನ್ನಿಸಿತು. ಸೈಕಲ್ಲು ಮರ ದಾಟಿತು.

ಮಾರನೆಯ ಬೆಳಿಗ್ಗೆ ಬಾವಿಯ ಹತ್ತಿರ ಅವನ ತಾಯಿ ನನ್ನ ತಾಯಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಹುಡುಗ ಕತ್ತಲಾದ ಮೇಲೆ ಬಂದ, ಯಾಕೆ ತಡ ಎಂದರೆ ಬಾಯಿ ಬಿಡಲಿಲ್ಲ, ಖಾಲಿ ಹೊಟ್ಟೆಯಲ್ಲೇ ಮಲಗಿದ ಎಂದು. ಅವನು ಮಾತ್ರ ಎಂದಿನಂತೆ ನಮ್ಮ ಜಗುಲಿಯ ಹತ್ತಿರ ಬಂದು ಕೂಗಿದ. ದಾರಿಯಲ್ಲಿ ಅವನು ಕೇಳಿದ್ದು ಒಂದೇ ಮಾತು, ನಿಮ್ಮ ಮಾವನ ಸೈಕಲ್ಲು ಹೊಸದಾ ಎಂದು. ಹೌದು ಎಂದೆ. ಮಾವ ಬಂದದ್ದು ಇವನಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸುವ ಬುದ್ಧಿ ಆಗ ನನಗಿರಲಿಲ್ಲ. ತಪ್ಪಾಯಿತು ಎಂದು ಹೇಳಲು ಅಂದು ನಾಚಿಕೆ, ಮರುದಿನ ಮರೆವು, ಮುಂದಿನ ವರ್ಷ ಅವರ ಮನೆಯವರು ಊರು ಬಿಟ್ಟು ಚನ್ನರಾಯಪಟ್ಟಣಕ್ಕೆ ಹೊರಟುಹೋದರು. ಮರೆತೆ ಎಂದುಕೊಂಡಿದ್ದೆ. ಆದರೆ ಎಲ್ಲಾದರೂ ಮದುವೆಮನೆಯಲ್ಲಿ ಯಾರಾದರೂ ಜೈನರು ಹೊತ್ತು ಮುಳುಗುವ ಮುಂಚೆ ಊಟಕ್ಕೆ ಏಳುವುದನ್ನು ಕಂಡರೆ ನನ್ನ ಕೆನ್ನೆ ಚುರುಕ್ ಎನ್ನುತ್ತಿತ್ತು. ಹೊಡೆದವನನ್ನು ಬಿಟ್ಟು ಹೊಡೆಸಿಕೊಂಡವನಿಗೆ ಇಂಥ ಶಿಕ್ಷೆ ಎಲ್ಲಾದರೂ ಉಂಟೆ?

ಐವತ್ತು ವರ್ಷದ ಮೇಲೆ, ಹೋದ ತಿಂಗಳು, ಕುಕ್ಕರಿನ ಗ್ಯಾಸ್ಕೆಟ್ಟು ಕೊಳ್ಳಲು ಚನ್ನರಾಯಪಟ್ಟಣದ ಒಂದು ಪಾತ್ರೆ ಅಂಗಡಿಗೆ ಹೋದೆ. ಗಲ್ಲಾದಲ್ಲಿ ಕೂತಿದ್ದ ಬೋಳುತಲೆಯವರು ನನ್ನನ್ನೇ ದಿಟ್ಟಿಸಿ, "ನೀನು ನಂಜುಂಡ ಅಲ್ವೇನ್ಲಾ?" ಎಂದರು. ಪದ್ಮರಾಜ! ಗ್ಯಾಸ್ಕೆಟ್ಟು ಅಲ್ಲೇ ಉಳಿಯಿತು, ಕಾಫಿ ಬಂತು, ಮಾತು ಮುಗಿಯಲಿಲ್ಲ. ಅಂಗಡಿಯ ಹುಡುಗರ ಮುಂದೆ ತಪ್ಪೊಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಭಾನುವಾರ ಹೊಳೆನರಸೀಪುರದ ನಮ್ಮ ಮನೆಗೆ ಊಟಕ್ಕೆ ಬರಲೇಬೇಕೆಂದೆ. ಆ ಊಟದ ಎಲೆಯ ಮುಂದೆ ಕ್ಷಮೆ ಕೇಳಬೇಕೆಂಬುದು ನನ್ನ ಲೆಕ್ಕ. ಬರುತ್ತೇನೆ, ಆದರೆ ಹೊತ್ತು ಮುಳುಗುವುದರೊಳಗೆ ಬಡಿಸಬೇಕು, ಆರೂವರೆಯ ಬಸ್ಸಿಗೆ ವಾಪಸ್ಸು ಎಂದ.

ನಮ್ಮ ಮನೆಯಲ್ಲಿ ರಾತ್ರಿಯ ಊಟ ಧಾರಾವಾಹಿಗಳ ದಯೆಯಿಂದ ಒಂಬತ್ತೂವರೆಗೆ. ವಿಮಲ ಆ ಭಾನುವಾರ ಮಧ್ಯಾಹ್ನವೇ ಸೆರಗು ಸಿಕ್ಕಿಸಿ ನಿಂತಳು. ಈರುಳ್ಳಿ ಬೆಳ್ಳುಳ್ಳಿ ಹಾಕದೆ ಹಿತಕವರೆ ಸಾರು, ಕಾಯಿ ಒಬ್ಬಟ್ಟು. ಬೆಳ್ಳುಳ್ಳಿಯಿಲ್ಲದೆ ಸಾರಿಗೆ ಘಮ ಹೇಗೆ ಬರುತ್ತದೋ ಎಂದು ಅವಳು ಒಲೆಯ ಮುಂದೆ ಚಿಂತಿಸುತ್ತಿರುವಾಗ ನನ್ನ ತಲೆಗೆ ಒಂದು ಯೋಚನೆ ಹೊಳೆಯಿತು. ಬರಿಯ ಬಾಯಿಮಾತಿನ ಕ್ಷಮೆ ಏನು ಚೆನ್ನ? ಅದೇ ಹೊಂಗೆ ಮರದ ಒಂದು ಎಲೆ ತಂದು, ಅವನ ಊಟದ ಎಲೆಯ ಪಕ್ಕದಲ್ಲಿಟ್ಟು, 'ಅವತ್ತು ಇಡಬೇಕಾಗಿದ್ದದ್ದು' ಎಂದರೆ? ನನಗೇ ಕಣ್ಣು ತುಂಬಿ ಬಂತು. ಮೂರು ಗಂಟೆಗೆ ಸ್ಕೂಟರ್ ಹತ್ತಿದೆ, ನಾಲ್ಕೂವರೆಗೆ ಮನೆಯಲ್ಲಿರುತ್ತೇನೆ ಎಂದೆ. ಮೊಬೈಲು ಚಾರ್ಜಿಗೆ ಹಾಕಿದ ಕಡೆಯೇ ಉಳಿಯಿತು.

ಹೋಗಿ ನೋಡಿದರೆ ಮರವಿಲ್ಲ. ರಸ್ತೆ ಅಗಲವಾಗಿತ್ತು, ಚಪ್ಪಡಿ ಕಲ್ಲಿದ್ದ ಜಾಗದಲ್ಲಿ ಬಸ್ ಸ್ಟ್ಯಾಂಡು. ಅಲ್ಲಿ ಕೂತಿದ್ದ ಮುದುಕರೊಬ್ಬರು ಆ ಮರ ಯಾವ ವರ್ಷ ಉರುಳಿತು, ಅದರ ಸೌದೆ ಯಾರ ಮನೆಗೆ ಹೋಯಿತು ಎಂದು ವಿವರವಾಗಿ ಹೇಳಿದರು. ನಾನೂ ವಿವರವಾಗಿ ಕೇಳಿದೆ. ಕೊನೆಗೆ ಅರ್ಧ ಮೈಲಿ ಆಚೆ ಇನ್ನೊಂದು ಹೊಂಗೆ ಸಿಕ್ಕಿತು, ಒಂದು ಎಲೆ ಕಿತ್ತು ಜೇಬಿಗಿಟ್ಟೆ. ಹಿಂತಿರುಗುವಾಗ ಸ್ಕೂಟರಿನ ಪೆಟ್ರೋಲು ಮುಗಿಯಿತು. ತಳ್ಳಿಕೊಂಡು ನಡೆದೆ. ಐವತ್ತು ವರ್ಷದಲ್ಲಿ ಮೊದಲ ಬಾರಿಗೆ ನಾನು ತಲೆಯೆತ್ತಿ ಬಿಸಿಲು ನೋಡಿದೆ. ತೆಂಗಿನ ಮರದ ತಲೆಗೆ ಬಂದಿತ್ತು. ಇನ್ನಷ್ಟು ತಳ್ಳಿದೆ, ತೋಪಿನ ಹಿಂದಕ್ಕೆ ಹೋಯಿತು. ಹೊತ್ತು ಇಳಿಯುವುದನ್ನು ನೋಡುತ್ತಾ ನಡೆಯುವ ಸಂಕಟ ಏನೆಂದು ಆಗ ತಿಳಿಯಿತು.

ಮನೆ ಸೇರಿದಾಗ ಬೀದಿ ದೀಪ ಹತ್ತಿತ್ತು. ಗೇಟಿನ ಪಕ್ಕದ ಕಾಂಪೌಂಡಿನ ಮೇಲೆ, ಒಂದು ಕಲ್ಲಿನ ಕೆಳಗೆ, ನಮ್ಮದೇ ದಾಸವಾಳ ಗಿಡದ ಹಸಿರೆಲೆ ಇತ್ತು. ಅದನ್ನು ಎತ್ತಿಕೊಂಡು ಒಳಗೆ ಹೋದೆ.

ವಿಮಲ ಬಯ್ಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಐದೂವರೆಯವರೆಗೂ ದಾರಿ ನೋಡಿ, ಆಮೇಲೆ ತಾನೇ ಬಲವಂತ ಮಾಡಿ ಬಡಿಸಿದೆ, ಹೊಟ್ಟೆ ತುಂಬ ಉಂಡು ಬಸ್ಸಿಗೆ ಹೋದರು ಎಂದಳು. ಊಟ ಮಾಡುತ್ತಾ ಅವನು ಆ ದಿನದ ಕತೆಯನ್ನೂ ಹೇಳಿದ್ದ. ವಿಮಲ ಅವನ ಮಾತನ್ನು ಅವನ ಹಾಗೆಯೇ ಒಪ್ಪಿಸಿದಳು.

"ಎಲೆ ಇರ್ನಿಲ್ಲ ಕಣಮ್ಮ. ನಂಜ ಎಲೆ ಇಡದೆ ಓಗೋನಲ್ಲ. ಇಸ್ಕೂಲ್ ತಾವ್ಕೆ ವಾಪಸ್ ಓದೆ, ಬೀಗ ಬಿದ್ದಿತ್ತು. ಕೆರೇಗಿಳ್ದು ಏನಾರ ಮಾಡ್ಕಬುಟ್ನೋ ಅಂತ ಏರಿ ಮ್ಯಾಲೆ ಕೂಗ್ಕೊಂಡು ಓಡಾಡ್ದೆ. ಕತ್ಲಾಯ್ತು. ಅಂಗೇ ಅಳ್ತಾ ಸುಡುಗಾಡು ದಾಟ್ಕೊಂಡು ಇವ್ರ ಮನೆ ತಾವ ಬಂದೆ. ಜಗುಲಿ ಮ್ಯಾಲೆ ಹೊಸ ಸೈಕಲ್ಲು. ಕಿಟಕೀಲಿ ಇಣುಕಿ ನೋಡ್ದೆ, ಇವನು ಮುದ್ದೆ ಮುರೀತಾ ಕೂತವ್ನೆ. ಸದ್ಯ, ಬದುಕವ್ನಲ್ಲ ಅಂತ ಮನೇಗೋದೆ."

ಅವನು ಹಸಿವಿನಲ್ಲಿ ನನ್ನನ್ನು ಶಪಿಸುತ್ತಾ ಕೂತಿದ್ದನೆಂದೇ ಐವತ್ತು ವರ್ಷ ನಂಬಿದ್ದೆ. ಅದಕ್ಕೊಂದು ಕ್ಷಮೆ ಸಿದ್ಧವಿತ್ತು. ಇದಕ್ಕೆ ನನ್ನ ಹತ್ತಿರ ಏನಿದೆ? ಗೇಟಿನ ಹತ್ತಿರ ಎಲೆ ಯಾಕೆ ಎಂದು ವಿಮಲ ಅವನನ್ನು ಕೇಳಿದಳಂತೆ. ಅವತ್ತು ಅವನು ಓಡಾಡಿದ ಹಾಗೆ ನಾನೂ ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಹುಡುಕಿಕೊಂಡು ಓಡಾಡಬಾರದಲ್ಲ, ಅದಕ್ಕೆ ಎಂದನಂತೆ. ಎಲೆ ಇರದಿದ್ದರೂ ನಾನು ಓಡಾಡುತ್ತಿರಲಿಲ್ಲ. ಇದು ವಿಮಲಳಿಗೂ ಗೊತ್ತು, ಪದ್ಮರಾಜನಿಗೂ ಗೊತ್ತಿದ್ದೀತು.

ಜೇಬಿನ ಹೊಂಗೆ ಎಲೆ ಬಾಡಿ ಮುದುರಿತ್ತು. ಅದನ್ನು ದಾಸವಾಳದ ಎಲೆಯ ಜೊತೆ ದೇವರ ಗೂಡಿನಲ್ಲಿಟ್ಟೆ. ಹೊತ್ತು ಮುಳುಗಿದೆ, ನಾನೂ ಇವತ್ತು ಊಟ ಮಾಡುವುದಿಲ್ಲ ಎಂದು ಗಂಭೀರವಾಗಿ ಪ್ರಕಟಿಸಿದೆ. ವಿಮಲ ಸರಿ ಎಂದಳು, ಒತ್ತಾಯ ಮಾಡಲಿಲ್ಲ. ಈ ವ್ರತ ಎಂಟೂಕಾಲಿನವರೆಗೆ ನಡೆಯಿತು. ಅಷ್ಟರಲ್ಲಿ ಅವಳು ಬಿಸಿ ಮುದ್ದೆ ತಿರುವಿ, ಹಿತಕವರೆ ಸಾರನ್ನು ಮತ್ತೆ ಕಾಯಿಸಿದಳು. ಬೆಳ್ಳುಳ್ಳಿಯಿಲ್ಲದೆಯೂ ಅದರ ಘಮ ನಾನು ಕೂತಿದ್ದಲ್ಲಿಗೇ ಬಂತು. ನಾನು ಎದ್ದುಹೋಗಿ ತಟ್ಟೆಯ ಮುಂದೆ ಕೂತೆ, ಮುದ್ದೆಗೆ ಕೈ ಹಾಕಿದೆ. ಎದುರಿಗೆ ಬೀದಿಯ ಕಿಟಕಿ ತೆರೆದಿತ್ತು. ಮತ್ತೆ ಎದ್ದು ಹೋಗಿ ಅದನ್ನು ಹಾಕಿ ಬಂದೆ.

ಒಂದು ದಿನವೂ ಕೈಯಾರೆ ಕಿಟಕಿ ಹಾಕದವರು ಇವತ್ತು ಯಾಕೆ ಎಂದಳು ವಿಮಲ.

"ಚಳಿ ಕಣೆ" ಎಂದೆ.